ಜೋಡಿ ರಾಣಿ, ಇನ್ನೂರು ಹುಣಸೆ ಬೀಜ

ಶನಿವಾರ ಸಂಜೆ ನಾಲ್ಕೂ ಕಾಲು. ವೈದ್ಯನಾಥಪುರದ ಕೊನೇ ಬೀದಿಯಲ್ಲಿ ರೇವಮ್ಮ ಕಿರುಚಿದ್ದು ದೇವಸ್ಥಾನದ ತನಕ ಕೇಳಿಸಿತು.

ಪಕ್ಕದ ಮನೆಯ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಮರಿತಾಯಮ್ಮ ಮೊರವನ್ನು ಅಲ್ಲೇ ಬಿಟ್ಟು ಓಡಿದಳು. ಅರವತ್ತೆರಡು ವರ್ಷದ ಮಂಡಿ ಬೇಡ ಬೇಡ ಅಂದಿತು. ಅವಳು ಕೇಳಲಿಲ್ಲ.

ನಡುಮನೆಯಲ್ಲಿ ರೇವಮ್ಮನ ಗಂಡ ರಾಮಲಿಂಗಯ್ಯ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ರಕ್ತ. ಪಕ್ಕದಲ್ಲಿ ಹಿತ್ತಾಳೆ ಚೊಂಬು, ಅದರ ಹೊಟ್ಟೆ ನೆಗ್ಗಿತ್ತು. ಬೀರುವಿನ ಬಾಗಿಲು ಹಾರು ಹೊಡೆದಿತ್ತು. ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ಹೋಗಿದ್ದ ರೇವಮ್ಮ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಪ್ರಸಾದದ ಪೊಟ್ಟಣ ಇನ್ನೂ ಅವಳ ಕೈಯಲ್ಲೇ ಇತ್ತು.

ಮರಿತಾಯಮ್ಮ ಕೂತು ಮೂಗಿನ ಹತ್ತಿರ ಬೆರಳಿಟ್ಟಳು.

"ಉಸುರೈತೆ ಕಣಕ್ಕ. ಅಳ್ಬ್ಯಾಡ, ಮೊದ್ಲು ಆಂಬುಲೆನ್ಸು ಕರ್ಸು."

ಅಷ್ಟರಲ್ಲಿ ಎದುರು ಸಾಲಿನಿಂದ ಪ್ರೀತಂ ಬಂದ. ರಾಮಲಿಂಗಯ್ಯನ ತಮ್ಮನ ಮಗ, ಮೂವತ್ತರ ಆಸುಪಾಸು, ಮದ್ದೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಫೋನು ಮಾಡಿದವನು ಅವನೇ, ದೊಡ್ಡಪ್ಪನನ್ನು ಎತ್ತಿದವನು ಅವನೇ, ಆಂಬುಲೆನ್ಸು ಹತ್ತಿ ಮಂಡ್ಯದ ಆಸ್ಪತ್ರೆಗೆ ಹೋದವನೂ ಅವನೇ. ಚುರುಕು ಹುಡುಗ ಅಂತ ಬೀದಿಯವರು ಮೆಚ್ಚಿಕೊಂಡರು.

ಗಾಡಿ ಹೋದ ಮೇಲೆ ಮರಿತಾಯಮ್ಮನ ಕಣ್ಣು ಮೇಜಿನ ಮೇಲೆ ಬಿತ್ತು. ಎರಡು ಕಾಫಿ ಲೋಟ. ನಡುವೆ ಐದು ಇಸ್ಪೀಟೆಲೆ. ರಾಮಲಿಂಗಯ್ಯನ ಕುರ್ಚಿಯ ಮುಂದೆ ಎರಡು ಎಕ್ಕ, ಅಂಗಾತ. ಎದುರು ಕುರ್ಚಿಯ ಮುಂದೆ ಎರಡು ಎಲೆ, ಕವುಚಿ. ಮಧ್ಯದಲ್ಲಿ ಹುಣಸೆ ಬೀಜದ ದೊಡ್ಡ ರಾಶಿ, ಅದರ ಪಕ್ಕ ಎರಡು ಖಾಲಿ ಬಟ್ಟೆ ಚೀಲ. ಅವಳಿಗೆ ಏನೋ ಚುಚ್ಚಿತು. ಏನು ಅಂತ ಯೋಚಿಸುವಷ್ಟರಲ್ಲಿ ಒಳಗಿನಿಂದ ರೇವಮ್ಮ ಕೂಗಿಕೊಂಡಳು.

"ನನ್ ಕಾಸಿನ ಸರ ಇಲ್ಲ ಕಣೇ ಮರಿತಾಯಿ."

* * *

ಈ ಮೇಜಿನ ವಿಷಯ ಹೇಳದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ರಾಮಲಿಂಗಯ್ಯ ಮಳವಳ್ಳಿ ಆಚೆಯ ಜಲಪಾತದ ಊರು ಬ್ಲಫ್‌ನ ಪವರ್‌ಹೌಸಿನಲ್ಲಿ ಫೋರ್‌ಮನ್ ಆಗಿದ್ದವರು. ಮರಿತಾಯಮ್ಮನ ಗಂಡ ಮಹದೇವಯ್ಯ ಅಲ್ಲೇ ಆಪರೇಟರು. ಮಳವಳ್ಳಿಯ ಕನಕರಾಜು ಸ್ಟೋರ್ ಕೀಪರು, ಶಿವಯ್ಯ ಜೀಪಿನ ಡ್ರೈವರು. ಕ್ವಾರ್ಟರ್ಸಿಗೆ ಬಂದಿದ್ದ ಎಂಜಿನಿಯರೊಬ್ಬರು ಈ ನಾಲ್ವರಿಗೆ ಪೋಕರ್ ಅನ್ನುವ ಆಟ ಹಚ್ಚಿ, ತಾವು ವರ್ಗವಾಗಿ ಹೊರಟುಹೋದರು. ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು; ತನ್ನ ಎಲೆ ದೊಡ್ಡದು ಅಂತ ಪಣ ಏರಿಸುತ್ತಾ ಹೋಗುವುದು, ಹೆದರಿದವನು ಎಲೆ ಬಿಸಾಕುವುದು, ಕೊನೇತನಕ ಉಳಿದವರು ಎಲೆ ತೋರಿಸುವುದು. ದುಡ್ಡು ಕಟ್ಟಿದರೆ ಮನೆಗೆ ಸೇರಿಸುವುದಿಲ್ಲ ಅಂತ ಹೆಂಡತಿಯರು ತಾಕೀತು ಮಾಡಿದ್ದಕ್ಕೆ ಹುಣಸೆ ಬೀಜ ಬಂತು. ತಲೆಗೊಂದು ಚೀಲ, ಚೀಲಕ್ಕೆ ನೂರು ಬೀಜ. ಚೀಲ ಹೊಲಿದವಳು ಮರಿತಾಯಮ್ಮ. ಕಾಫಿ ಕೊಡಲು ಹೋಗಿ ಬಂದು, ಹೋಗಿ ಬಂದು, ಆಟವನ್ನು ಬಾಗಿಲ ಸಂದಿಯಲ್ಲೇ ಅರೆದು ಕುಡಿದವಳೂ ಅವಳೇ. ಎಲ್ಲರೂ ನಿವೃತ್ತರಾದ ಮೇಲೆ ಆಟ ರಾಮಲಿಂಗಯ್ಯನ ನಡುಮನೆಯ ಈ ಮೇಜಿಗೆ ಬಂತು. ಮಹದೇವಯ್ಯ ತೀರಿಕೊಂಡ ಮೇಲೆ ಖಾಲಿ ಕುರ್ಚಿಗೆ ಬಂದು ಕೂತಳು. ಏಳು ವರ್ಷದಿಂದ ಪ್ರತಿ ಭಾನುವಾರ ಗಂಡಸರ ಚೀಲ ಬರಿದು ಮಾಡಿ ಕಳಿಸುತ್ತಿದ್ದಾಳೆ. ಊರಿನವರು 'ಇಸ್ಪೀಟು ಮರಿತಾಯಿ' ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆಡುವವರ ಬಾಯಿಗೆ ಬೀಗ ಹಾಕುತ್ತಾ ಕೂತರೆ ಬೀಗಕ್ಕೇ ಸಂಬಳ ಸಾಲದು.

ಅವಳ ಒಬ್ಬನೇ ಮಗ ಪ್ರಸನ್ನ. ಪರೀಕ್ಷೆ ಬರೆದು, ಯಾರ ಕೈಕಾಲೂ ಹಿಡಿಯದೆ, ಅಪ್ಪ ದುಡಿದ ಅದೇ ಪವರ್‌ಹೌಸಿಗೆ ಆಯ್ಕೆಯಾಗಿದ್ದ. ಸೋಮವಾರ ಬೆಳಿಗ್ಗೆ ಹತ್ತರೊಳಗೆ ಹಾಜರಾಗಬೇಕು ಅಂತ ಆರ್ಡರು ಬಂದಿತ್ತು. ಶನಿವಾರ ಮಧ್ಯಾಹ್ನ ಅದನ್ನು ತೋರಿಸಿ ಕಾಲಿಗೆ ಬೀಳಲು ಹೋಗಿದ್ದು ರಾಮಲಿಂಗಯ್ಯನ ಮನೆಗೆ.

ಸಬ್‌ಇನ್ಸ್‌ಪೆಕ್ಟರ್ ಶಿವರಾಜು ಐದೂವರೆಗೆ ಬಂದವರು ಆರೂವರೆಗೆ ಪ್ರಸನ್ನನನ್ನು ಜೀಪಿಗೆ ಹತ್ತಿಸಿದ್ದರು.

"ಎರಡು ಗಂಟೆಗೆ ಹೋದೆ, ಎರಡೂ ಕಾಲಿಗೆ ಬಂದೆ ಸಾರ್. ಕಾಫಿ ಕುಡುದ್ವಿ. ಒಂದಾಟ ಆಡೋಣ ಕೂತ್ಕೊ ಅಂದ್ರು. ಅವ್ವ ಕಾಯ್ತಾಳೆ ಅಂದೆ. ಆಡಲೇ ಇಲ್ಲ."

"ಆಡಲಿಲ್ಲ. ಹಾಗಾದರೆ ಮೇಜಿನ ಮೇಲಿರುವುದು ಏನು?"

ಆಸ್ಪತ್ರೆಯಲ್ಲಿದ್ದ ಪ್ರೀತಂನ ಹೇಳಿಕೆಯೂ ಫೋನಿನಲ್ಲಿ ಬಂತು. ಎರಡೂವರೆ ಹೊತ್ತಿಗೆ ದೊಡ್ಡಪ್ಪನ ಮನೆಯಲ್ಲಿ ಜಗಳ ಕೇಳಿಸಿತು. 'ಎಲ್ಲಾ ಕಟ್ಬುಟ್ಟಿವ್ನಿ, ತೋರ್ಸಯ್ಯ' ಅಂತ ಪ್ರಸನ್ನ ಕೂಗಿದ. ಆಮೇಲೆ ದಡದಡ ಹೊರಬಿದ್ದು ಹೋದ.

"ಆಟದಲ್ಲಿ ಸೋತ, ರೇಗಿದ, ಚೊಂಬು ಎತ್ತಿದ. ಹೋಗುತ್ತಾ ಸರಾನೂ ಎತ್ತಿದ," ಅಂದರು ಶಿವರಾಜು. "ನಾಳೆ ಸಂಜೆ ನ್ಯಾಯಾಧೀಶರ ಮುಂದೆ ಹಾಜರುಪಡಿಸ್ತೀನಿ. ಇಸ್ಪೀಟಾಡುವ ಮನೆಯಲ್ಲಿ ಇನ್ನೇನು ಬೆಳೆಯುತ್ತಮ್ಮ?"

ಎರಡೂ ಕಾಲಿಗೇ ಮನೆಗೆ ಬಂದ ಅಂತ ಮರಿತಾಯಮ್ಮ ಹೇಳಿದ್ದನ್ನು ಹೆತ್ತವಳ ಮಾತು ಅಂತ ಅವರು ತಳ್ಳಿಹಾಕಿದರು. ನಾಳೆ ಸಂಜೆ ಮಗ ಜೈಲಿಗೆ ಹೋದರೆ ನಾಡಿದ್ದು ಬೆಳಿಗ್ಗೆಯ ಕೆಲಸ ಇನ್ಯಾರಿಗೋ ಹೋಗುತ್ತದೆ. ಜೀಪಿನ ಕಿಟಕಿಯಲ್ಲಿ ಪ್ರಸನ್ನ ತಲೆ ತಗ್ಗಿಸಿ ಕೂತಿದ್ದ. ಅವಳು ಕಿಟಕಿಯ ಹತ್ತಿರ ಹೋದಳು.

"ತಲೆ ಎತ್ತಿ ಕೂತ್ಕಳ್ಲಾ," ಅಂದಳು. "ನೀನೇನು ಕದ್ದಿಲ್ಲ."

* * *

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮಳವಳ್ಳಿ. ಅವಳ ಅನುಮಾನ ಕನಕರಾಜುವಿನ ಮೇಲೆ.

ಅನುಮಾನಕ್ಕೆ ಕಾರಣವಿತ್ತು. ಹೋದ ಭಾನುವಾರ ಕನಕರಾಜು ರಾಮಲಿಂಗಯ್ಯನ ಮೇಲೆ ಕೂಗಾಡಿ, ಇನ್ನು ನಿನ್ನ ಹೊಸಿಲು ತುಳಿಯಲ್ಲ ಕಣಯ್ಯ ಅಂತ ಎದ್ದು ಹೋಗಿದ್ದ. ಶಿವಯ್ಯ ವಾರದಿಂದ ಮೈಸೂರಿನ ಮಗಳ ಮನೆಯಲ್ಲಿದ್ದ. ಆ ಮೇಜಿನ ಗುಟ್ಟು ಗೊತ್ತಿರುವವರಲ್ಲಿ ಉಳಿದವನು ಇವನೊಬ್ಬನೇ.

ಕನಕರಾಜು ಜಗಲಿಯಲ್ಲಿ ಕಡಲೇಕಾಯಿ ಸುಲಿಯುತ್ತಿದ್ದ. ಸುದ್ದಿ ಕೇಳಿ ಅವನ ಕೈ ನಿಂತಿತು.

"ನಿನ್ನೆ ಮಧ್ಯಾನ ಎಲ್ಲಿದ್ದೆ ಕನಕಣ್ಣ?"

"ಬ್ಲಫ್ಫಲ್ಲಿ ನನ್ ತಂಗಿ ಮಗಳ ಗೃಹಪ್ರವೇಸ. ಊಟಕ್ಕೆ ಬಡಿಸ್ದೋನೇ ನಾನು. ಯಾಕೆ, ನನ್ ಮ್ಯಾಲೆ ಬಂತಾ ನಿನ್ ಕಣ್ಣು?"

"ಬಂತು. ಜಗಳ ಆಡ್ಕಂಡು ಓಗಿದ್ದೆ."

ಕನಕರಾಜು ನಕ್ಕ. ನಗುವಿನಲ್ಲಿ ನಾಚಿಕೆಯಿತ್ತು. "ಜಗಳ ಅವನ್ ಮ್ಯಾಲಲ್ಲ ಕಣವ್ವ, ನನ್ ಮ್ಯಾಲೆ. ಜೋಡಿ ರಾಜ ಬಂದಿತ್ತು ನಂಗೆ. ಮೇಜ್ ಮ್ಯಾಲೆ ಒಂದು ಎಕ್ಕ ಬಿತ್ತು. ಆ ಮಾರಾಯ ಏರಿಸ್ದ, ಏರಿಸ್ದ. ಇವನತ್ರ ಎಕ್ಕ ಐತೆ ಅಂತ ಎದ್ರಿ ಎಲೆ ಬಿಸಾಕ್ಬುಟ್ಟೆ. ಆಮ್ಯಾಕೆ ತೋರಿಸ್ದ: ಏಳು, ಎಂಟು. ಏನೂ ಇಲ್ಲ."

"ನಾನೆಷ್ಟ್ ಸಲ ಯೋಳಿವ್ನಿ. ರಾಮಲಿಂಗಣ್ಣ ಬರೀ ಕೈಲೂ ಏರಿಸ್ತಾನೆ. ಒಳ್ಳೆ ಜೋಡಿ ಕೈಲಿದ್ದಾಗ ಎದುರಿನೋನು ಏರಿಸ್ದ ಅಂತ ಬಿಸಾಕ್ಬಾರ್ದು, ಹುಚ್ಚಾಗಿ ಮ್ಯಾಲೆ ಬೀಳ್ಲೂಬಾರ್ದು. ಅವನು ಕಟ್ಟಿದಷ್ಟು ಕಟ್ಟು, ಕೊನೇಗಂಟ ಕೂತ್ಕೊ. ತೋರ್ಸೋ ಹೊತ್ತು ಬಂದೇ ಬತ್ತದೆ. ನಮ್ಮಾಟದಲ್ಲಿ ಸೋತ್ರೂ ಎಷ್ಟ್ ಸೋತೀಯ?"

"ಅದೂ ನಿಜ ಅನ್ನು. ನೋಡು, ಆವತ್ತು ಇಂಗಾಯ್ತು."

ಕನಕರಾಜು ತೋರಿಸಲು ಕಡಲೇಬೀಜ ತೆಗೆದುಕೊಂಡ. ಎರಡು ಇಟ್ಟ. ಅದರ ಪಕ್ಕ ಇನ್ನೆರಡು. ಮತ್ತೆರಡು. ಮತ್ತೆರಡು. ಅಲ್ಲಿಗೆ ಕೈ ತಾನಾಗಿ ನಿಂತಿತು. ಅದರ ಕೆಳಗೆ ಹೊಸ ಸಾಲು ಶುರು ಮಾಡಿದ. ಯೋಚಿಸಿ ಮಾಡಿದ್ದಲ್ಲ. ನಲವತ್ತು ವರ್ಷದ ಅಭ್ಯಾಸ, ಬೆರಳೇ ಮಾಡಿತು.

ಮರಿತಾಯಮ್ಮ ಆ ಸಾಲುಗಳನ್ನು ನೋಡಿದಳು. ನೋಡಿದವಳು ದಡಕ್ಕನೆ ಎದ್ದಳು.

"ಕನಕಣ್ಣ, ನೀನು ಕದ್ದಿಲ್ಲ. ನಿನ್ನಿಂದ ಆಗೋದೂ ಇಲ್ಲ."

"ಅಯ್ಯೋ, ಇದೇನು ಒಗಳ್ತಾ ಇದ್ದೀಯೋ ಬಯ್ತಾ ಇದ್ದೀಯೋ?"

"ಬಂದ್ ಯೋಳ್ತೀನಿ. ಮದ್ದೂರು ಬಸ್ಸು ಎಷ್ಟೊತ್ಗೆ?"

* * *

ಠಾಣೆಯಲ್ಲಿ ಶಿವರಾಜು ಇಡ್ಲಿ ತಿನ್ನುತ್ತಿದ್ದರು. ಮರಿತಾಯಮ್ಮ ಕೇಳದೆಯೇ ಕುರ್ಚಿ ಎಳೆದು ಕೂತಳು.

"ಸಾಯೇಬ್ರೆ, ನೆನ್ನೆ ಮೇಜಿನ ಮ್ಯಾಲಿದ್ದ ಬೀಜ ಎಣಿಸಿದ್ರಾ?"

"ಎಣಿಸದೆ ಇರ್ತೀವಾ? ಮಹಜರಿನಲ್ಲಿದೆ." ಕಾಗದ ಎಳೆದು ಓದಿದರು. "ಹುಣಸೆ ಬೀಜ, ಒಟ್ಟು ಇನ್ನೂರು, ಮೇಜಿನ ನಡುವೆ ಒಂದೇ ರಾಶಿ. ನಮ್ಮ ಪೇದೆ ಎರಡು ಸಲ ಎಣಿಸಿದ್ದಾನೆ, ಪಾಪ."

"ಇನ್ನೂರು. ಅಂದ್ರೆ ಇಬ್ಬರೂ ನೂರ್ನೂರು ಕಟ್ಟವ್ರೆ."

"ಹೌದು. ನಿಮ್ಮ ಮಗ ಇದ್ದದ್ದೆಲ್ಲ ಕಟ್ಟಿ ಸೋತಿದ್ದಾನೆ. ಸಿಟ್ಟು ಬರದೆ ಇರುತ್ತಾ?"

"ಸುಳ್ಳು ಯೋಳ್ತಿರೋದು ನನ್ ಮಗ ಅಲ್ಲ ಸಾಯೇಬ್ರೆ. ಆ ಮೇಜು."

ಶಿವರಾಜು ಚಟ್ನಿಯಲ್ಲಿ ಬೆರಳಿಟ್ಟವರು ಹಾಗೇ ತಲೆಯೆತ್ತಿ ನೋಡಿದರು. ಮರಿತಾಯಮ್ಮ ಅವರ ಮೇಜಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ಸುರಿದುಕೊಂಡಳು. ಒಂದೊಂದಾಗಿ ಸಾಲು ಇಡುತ್ತಾ ಹೇಳಿದಳು. ಬ್ಲಫ್ ಕ್ವಾರ್ಟರ್ಸಿನ ಆಟದಲ್ಲಿ ಕಟ್ಟುವುದಕ್ಕೆ ಮಿತಿಯಿದೆ. ಎಲೆ ಹಂಚಿದ ಮೇಲೆ ನಾಲ್ಕು ಸುತ್ತು. ಮೊದಲ ಎರಡು ಸುತ್ತಿನಲ್ಲಿ ಒಂದು ಸಲಕ್ಕೆ ಎರಡೇ ಬೀಜ. ಕೊನೆಯ ಎರಡರಲ್ಲಿ ಒಂದು ಸಲಕ್ಕೆ ನಾಲ್ಕೇ ಬೀಜ. ಯಾವ ಸುತ್ತಿನಲ್ಲೂ ನಾಲ್ಕು ಸಲ ಆದ ಮೇಲೆ ಏರಿಸುವಂತಿಲ್ಲ.

"ಲೆಕ್ಕ ಆಕಿ. ಮೊದಲ ಸುತ್ತಿಗೆ ಎಂಟು. ಎರಡನೇದಕ್ಕೆ ಎಂಟು. ಮೂರನೇದಕ್ಕೆ ಅದ್ನಾರು. ಕೊನೇದಕ್ಕೆ ಅದ್ನಾರು."

"ನಲವತ್ತೆಂಟು," ಅಂದರು ಶಿವರಾಜು.

"ನಲವತ್ತೆಂಟು. ಇಬ್ಬರೂ ತಲೆಕೆಟ್ಟು ಏರಿಸಿದ್ರೂ ಒಬ್ಬ ಒಂದಾಟದಲ್ಲಿ ನಲವತ್ತೆಂಟರ ಮ್ಯಾಲೆ ಒಂದು ಬೀಜ ಕಟ್ಟಂಗಿಲ್ಲ. ರಾಮಲಿಂಗಣ್ಣ ಕಟ್ಟೋಕೂ ಬುಡೋನಲ್ಲ. ಅದೂ ಅಲ್ದೆ, ನಾವು ರಾಸಿ ಆಕೋದೇ ಇಲ್ಲ. ಯಾರೆಷ್ಟು ಕಟ್ಟಿದ್ರು ಅಂತ ಜಗಳ ಬರಬಾರ್ದು ಅಂತ ಅವರವರ ಮುಂದೆ ಸುತ್ತಿಗೊಂದು ಸಾಲು ಇಡ್ತೀವಿ. ಆಟ ಮುಗಿದ ಮ್ಯಾಲೆ ಗೆದ್ದೋನು ಎಳ್ಕೋತಾನೆ. ನನ್ ಮಗ ಎಂಟು ವರ್ಸದ ಹುಡುಗನಾಗಿದ್ದಾಗಿಂದ ಆ ಸಾಲು ನೋಡ್ಕಂಡೇ ಬೆಳೆದವ್ನೆ."

ಶಿವರಾಜು ಕೈ ತೊಳೆದು ಬಂದು ಗುಂಡುಸೂಜಿಗಳನ್ನು ಮತ್ತೆ ಎಣಿಸಿದರು. ಅವರ ಮುಖದ ಮೇಲಿನ ಬಿಗುವು ಸ್ವಲ್ಪ ಸಡಿಲವಾಯಿತು.

"ಅಂದರೆ ಅಲ್ಲಿ ಆಟವೇ ನಡೆದಿಲ್ಲ. ಯಾರೋ ಜೋಡಿಸಿಟ್ಟಿದ್ದಾರೆ."

"ನನ್ ಮಗ ಆಡಿಲ್ಲ ಅಂತ ಯೋಳ್ದ. ಆಡ್ದಂಗೆ ಜೋಡ್ಸಿ ಅವನೇ ಸಿಕ್ಕಾಕ್ಕೋತಾನಾ? ಜೋಡಿಸ್ದೋನಿಗೆ ಪೋಕರ್ ಗೊತ್ತು, ನಮ್ಮ ಪೋಕರ್ ಗೊತ್ತಿಲ್ಲ. ಇದ್ದದ್ದೆಲ್ಲ ಒಂದೇ ಸಲ ನೂಕೋದು ಮೊಬೈಲ್ ಆಟ. ನಮ್ಮಲ್ಲಿ 'ಎಲ್ಲಾ ಕಟ್ಬುಟ್ಟೆ' ಅನ್ನೋ ಮಾತೇ ಇಲ್ಲ."

ಆ ಮಾತು ಹೇಳಿದವನು ಯಾರು ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ದೊಡ್ಡಪ್ಪನ ಮೇಜಿನಲ್ಲಿ ಪ್ರೀತಂ ಆಡ್ತಿರಲಿಲ್ವಾ?"

"ಮೊಬೈಲಲ್ಲಿ ಜೂಜಾಡೋನು ನನ್ ಮೇಜಿಗೆ ಬ್ಯಾಡ ಅಂದ್ಬುಟ್ಟಿದ್ರು. ಅವನ ಮುಂದೆ ಚೀಲಾನೂ ಬಿಚ್ತಿರ್ನಿಲ್ಲ."

"ಮಾತು ಸರಿ. ಆದರೆ ಇಷ್ಟೇ ಇಟ್ಟುಕೊಂಡು ನ್ಯಾಯಾಧೀಶರ ಮುಂದೆ ಹೋದರೆ ನಗ್ತಾರೆ." ಶಿವರಾಜು ಗಡಿಯಾರ ನೋಡಿದರು. "ಹೇಳಿಕೆಗೆ ಸಹಿ ಹಾಕೋಕೆ ಮೂರು ಗಂಟೆಗೆ ಬರ್ತಾನೆ. ಆಸ್ಪತ್ರೆಯಲ್ಲಿ ನಮ್ಮ ಪೇದೆ ರಾತ್ರಿಯಿಂದ ಅವನ ಪಕ್ಕದಲ್ಲೇ ಇದ್ದಾನೆ."

"ಆ ಕವುಚಿದ ಎರಡು ಎಲೆ ಏನು ಸಾಯೇಬ್ರೆ?"

ಅವರು ಒಂದು ಗಳಿಗೆ ಯೋಚಿಸಿ ಮಹಜರನ್ನು ಅವಳ ಕಡೆ ತಿರುಗಿಸಿದರು. ಆಂಬುಲೆನ್ಸು ಹೋದ ಮೇಲೆ, ಇಬ್ಬರು ಪಂಚರ ಮುಂದೆ ಅವರೇ ಮಗುಚಿ ನೋಡಿ ಲಕೋಟೆಗೆ ಹಾಕಿ ಅರಗು ಒತ್ತಿದ್ದ ಎಲೆಗಳು. ಮರಿತಾಯಮ್ಮ ಓದಿಕೊಂಡಳು. ಆಟೀನು ರಾಣಿ, ಕಳಾವರ್ ರಾಣಿ.

"ಅವನ್ ಬಂದಾಗ ನಾನೂ ಇಲ್ಲೇ ಕೂತಿರ್ತೀನಿ," ಅಂದಳು.

* * *

ಪ್ರೀತಂ ಮೂರೂ ಹತ್ತಕ್ಕೆ ಬಂದ. ಮರಿತಾಯಮ್ಮನನ್ನು ನೋಡಿ ತುಟಿ ಓರೆ ಮಾಡಿದ.

"ಏನತ್ತೆ, ಮಗನ್ನ ಬುಡಿಸ್ಕಳಕ್ಕೆ ಬಂದ್ರಾ?"

"ನೀನು ಕೇಳಿಸ್ಕಂಡಿದ್ದು ಇನ್ನೊಂದ್ಸಲ ಯೋಳಪ್ಪ. ತಾಯಿ ಜೀವ, ನಂಬಕ್ಕಾಯ್ತಿಲ್ಲ."

"ಯೋಳಿವ್ನಲ್ಲ. 'ಎಲ್ಲಾ ಕಟ್ಬುಟ್ಟಿವ್ನಿ, ತೋರ್ಸಯ್ಯ' ಅಂದ."

"ಎಲ್ಲಾನೂ ಅಂದ್ನಾ?"

"ಹೂಂ. ಎಲ್ಲಾನೂ."

"ಆಮ್ಯಾಕೆ?"

"ಆಮ್ಯಾಕೆ ದೊಡ್ಡಪ್ಪನ ತಲೆ ಒಡ್ದ. ಇನ್ನೇನಾಯ್ತದೆ? ಎತ್ತ ತಾಯೇ ಗಂಡಸರ ಮಧ್ಯ ಕೂತು ಇಸ್ಪೀಟಾಡುದ್ರೆ ಮಗ ಇನ್ನೆಂಗಾದಾನು? ಊರೇ ನಗ್ತಾ ಐತೆ ನಿಮ್ಮನ್ನ ನೋಡಿ."

ಮೂಲೆಯಲ್ಲಿದ್ದ ಪೇದೆ ಕಿಸಕ್ಕನೆ ನಕ್ಕ. ಮರಿತಾಯಮ್ಮನ ಕಿವಿ ಬಿಸಿಯಾಯಿತು. ನಾಲಿಗೆಯ ತುದಿಗೆ ನಾಲ್ಕು ಮಾತು ಬಂದವು. ರಾಣಿಯ ಮಾತು ಈಗಲೇ ಎಸೆದು ಅವನ ಮೇಲೆ ಬೀಳೋಣ ಅನ್ನಿಸಿತು. ಬಿದ್ದರೆ ಅವನು ಎಚ್ಚೆತ್ತುಕೊಳ್ಳುತ್ತಾನೆ. ಅತ್ತುಕೊಂಡು ಎದ್ದು ಹೋದರೆ ಮಗ ಹೋದ. ಇವನು ಏರಿಸುತ್ತಿರಲಿ, ಅವನು ಕಟ್ಟಿದಷ್ಟು ಮಾತ್ರ ತಾನು ಕಟ್ಟುತ್ತಾ ಕೂತಿರಬೇಕು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಗ್ಲಿ ಬುಡಪ್ಪ. ಆದ್ರೂ ನಂಗೊಂದು ಅರ್ಥ ಆಗ್ತಿಲ್ಲ. ನನ್ ಮಗ ಪುಕ್ಕಲ. ಅಷ್ಟೊಂದು ಬೀಜ ನೂಕೋ ಎದೆ ಅವನಿಗೆಲ್ಲಿತ್ತು?"

"ಇರೋ ಎಲೆ ಎದೆ ಕೊಡ್ತದೆ ಅತ್ತೆ."

"ಯಾವ ಎಲೆ ಬಂದಿರ್ತದೆ ಅವನಿಗೆ? ಏಳೋ ಎಂಟೋ ಇಟ್ಕಂಡು ಕುಣ್ದವ್ನೆ. ಪೆದ್ದ ಮುಂಡೇದು. ಆ ಆಟದಲ್ಲಿ ಏನೂ ಇರ್ನಿಲ್ಲ ಅನ್ನು, ಮಕ್ಕಳಾಟ."

ಪ್ರೀತಂಗೆ ಅದು ತಡೆಯಲಾಗಲಿಲ್ಲ. ಕೈಯಾರೆ ಜೋಡಿಸಿದ ಆಟವನ್ನು ಮಕ್ಕಳಾಟ ಅಂದರೆ ಯಾರಿಗೆ ತಡೆದೀತು.

"ಮಕ್ಕಳಾಟ ಯಾಕಾಯ್ತದೆ? ಜೋಡಿ ರಾಣಿ ಕೈಲಿದ್ರೆ ಎಂಥೋನೂ ಎಲ್ಲಾ ಕಟ್ತಾನೆ. ಎದುರಿಗೆ ಜೋಡಿ ಎಕ್ಕ ಕೂತಿದ್ದು ಅವನ ಗ್ರಾಚಾರ. ನಿಮಗೆ ಆಟವೇ ಗೊತ್ತಿಲ್ಲ ಅತ್ತೆ."

ಶಿವರಾಜು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು.

"ಎಕ್ಕ ಅಂಗಾತ ಇದ್ದವು, ನೀನು ನೋಡಿದೆ, ಒಪ್ತೀನಿ. ರಾಣಿ ನಿನಗೆ ಹೇಗೆ ಗೊತ್ತಾಯ್ತು?"

"ಅದು... ಅಲ್ಲೇ ಕಾಣ್ತಿತ್ತಲ್ಲ ಸಾರ್."

"ಕವುಚಿದ್ದವು. ನೀನು ಹೋದ ಮೇಲೆ ನಾನು ಮಗುಚಿದ್ದು."

"ಆಂಬುಲೆನ್ಸಲ್ಲಿ ದೊಡ್ಡಪ್ಪ ಯೋಳುದ್ರು."

"ನಿಮ್ಮ ದೊಡ್ಡಪ್ಪನಿಗೆ ಪ್ರಜ್ಞೆ ಬಂದಿದ್ದು ಈ ದಿನ ಒಂದು ಗಂಟೆಗೆ. ನೀನು ಬಸ್ಸು ಹತ್ತಿದ ಮೇಲೆ. ಮಾತು ಇನ್ನೂ ಬಂದಿಲ್ಲ."

ಪ್ರೀತಂ ಮರಿತಾಯಮ್ಮನ ಮುಖ ನೋಡಿದ. ಅವಳು ರೆಪ್ಪೆ ಅಲುಗಿಸಲಿಲ್ಲ. ಅವನ ಹತ್ತಿರ ಏರಿಸಲು ಇನ್ನೇನೂ ಉಳಿದಿರಲಿಲ್ಲ.

ಐದು ನಿಮಿಷದಲ್ಲಿ ಎಲ್ಲ ಹೊರಗೆ ಬಂತು. ಪ್ರಸನ್ನ ಹೋದದ್ದನ್ನು ನೋಡಿದ್ದ. ದೊಡ್ಡಮ್ಮ ಊರಲ್ಲಿಲ್ಲ, ದೊಡ್ಡಪ್ಪ ಊಟದ ನಿದ್ದೆಯಲ್ಲಿರುತ್ತಾರೆ ಅಂತ ನುಗ್ಗಿದ್ದ. ಬೀರು ತೆಗೆದ ಸದ್ದಿಗೆ ಅವರು ಎದ್ದು ಬಂದರು. ಕೈಗೆ ಸಿಕ್ಕಿದ್ದು ಚೊಂಬು. ಮೇಜಿನ ಮೇಲೆ ಎರಡು ಲೋಟ ಕಂಡಾಗ ಉಪಾಯ ಹೊಳೆಯಿತು. ಮೊಬೈಲಿನಲ್ಲಿ ಸಾವಿರ ಸಲ ನೋಡಿದ ಆಟವನ್ನು ಹಾಗೇ ಇಳಿಸಿದ: ಎಕ್ಕದ ಮುಂದೆ ರಾಣಿ, ಇದ್ದದ್ದೆಲ್ಲ ರಾಶಿ. ಕಾಸಿನ ಸರ ಮದ್ದೂರಿನ ಅಂಗಡಿಯಲ್ಲಿ, ಹಳೇ ಬ್ಯಾಟರಿ ತುಂಬಿದ ಡಬ್ಬದ ತಳದಲ್ಲಿ ಸಿಕ್ಕಿತು. ಮಂಡ್ಯದ ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ರಾಮಲಿಂಗಯ್ಯನೂ ಪೇದೆಯ ಮುಂದೆ ಪ್ರೀತಂ ಹೆಸರನ್ನೇ ಹೇಳಿದರು.

ಸಂಜೆ ಪ್ರಸನ್ನನನ್ನು ಹೊರಗೆ ಬಿಟ್ಟರು. ಶಿವರಾಜು ಮರಿತಾಯಮ್ಮನ ಹೇಳಿಕೆ ಬರೆದುಕೊಳ್ಳುತ್ತಿದ್ದರು.

"ನಾನು ಕೇಳಿದರೆ ಅವನು ಹೇಳ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತಮ್ಮ, ಬಾಯಿ ಬಿಡ್ತಾನೆ ಅಂತ?"

"ಗೊತ್ತಿರ್ನಿಲ್ಲ. ಕೊನೇಗಂಟ ಕೂತಿದ್ದೆ, ಅಷ್ಟೇ. ಏರಿಸೋನಿಗೆ ಎದುರಿನೋರು ಎದ್ದೋಗ್ಬೇಕು. ಎದ್ದೋಗ್ನಿಲ್ಲ ಅಂದ್ರೆ ಅವನೇ ಎಲೆ ತೋರಿಸ್ಬೇಕಾಯ್ತದೆ."

ಶಿವರಾಜು ತಲೆಯಾಡಿಸಿ ಮುಂದಿನ ಸಾಲಿಗೆ ಬಂದರು. "ಉದ್ಯೋಗ ಏನಂತ ಬರೀಲಿ? ಗೃಹಿಣಿ?"

ಅವಳು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಪ್ರಸನ್ನ ಹೇಳಿದ. "ಪೋಕರ್ ಆಟಗಾರ್ತಿ ಅಂತ ಬರ್ಕಳಿ ಸಾರ್. ನಮ್ಮವ್ವನ್ನ ಸೋಲಿಸ್ದೋರು ಈ ತಾಲ್ಲೂಕಲ್ಲಿಲ್ಲ."

ನಕ್ಕಿದ್ದ ಪೇದೆ ಈ ಸಲ ನಗಲಿಲ್ಲ. ಶಿವರಾಜು ಹಾಗೇ ಬರೆದರು. ಏಳು ವರ್ಷ ಜನ ಆಡಿಕೊಂಡ ಮಾತು ಸರ್ಕಾರದ ಕಾಗದದ ಮೇಲೆ ಕೂತಿದ್ದನ್ನು ಮರಿತಾಯಮ್ಮ ಎರಡು ಸಲ ಓದಿ, ದಪ್ಪಕ್ಷರದಲ್ಲಿ ಸಹಿ ಮಾಡಿದಳು.

* * *

ಸೋಮವಾರ ಒಂಬತ್ತೂವರೆಗೆ ತಾಯಿ ಮಗ ಬ್ಲಫ್‌ನಲ್ಲಿ ಬಸ್ಸಿಳಿದರು. ಒಳಗೆ ನೀರು ಧುಮುಕುವ ಸದ್ದು ಗೇಟಿನ ತನಕ ಕೇಳುತ್ತಿತ್ತು. ಪ್ರಸನ್ನ ಕಾಲಿಗೆ ಬಿದ್ದು, ಆರ್ಡರು ತೋರಿಸಿ ಒಳಗೆ ಹೋದ. ತಿರುಗಿ ನೋಡಲಿಲ್ಲ. ನೆಟ್ಟಗೆ ನಡೆದ.

ಅವಳು ಅಲ್ಲೇ ನಿಂತಿದ್ದನ್ನು ನೋಡಿ ಕಾವಲಿನವನು ಹತ್ತಿರ ಬಂದ.

"ಯಾರನ್ನ ನೋಡ್ಬೇಕಿತ್ತವ್ವ?"

"ಯಾರನ್ನೂ ಇಲ್ಲ ಕಣಪ್ಪ," ಅಂದಳು ಮರಿತಾಯಮ್ಮ. "ಈಗ ಒಳಗೋದ್ನಲ್ಲ, ಅವನು ನನ್ ಮಗ. ಇವತ್ತಿಂದ ಇಲ್ಲೇ ಕೆಲ್ಸ."